ಕೊರಳಲ್ಲಿ ಶಿಲುಬೆ, ಹಾಸಿಗೆಯಡಿ ನೋಟ್ಸ್

ನಮ್ಮೂರು ಸಿಂದಗಿ ಸೀಮೆಯ ಮೋರಟಗಿ. ಸ್ಪರ್ಧಾತ್ಮಕ ಪರೀಕ್ಷೆಗೆಂದು ವಿಜಯಪುರದಲ್ಲಿ ರೂಮು ಮಾಡಿದ್ದೆ. ಕೊರಳಲ್ಲಿ ಶಿಲುಬೆ, ಭಾನುವಾರ ತಪ್ಪದೆ ಚರ್ಚು. ಆದರೆ ರೂಮಿನ ಗೆಳೆಯ ಕನ್ನಡದ ನೋಟ್ಸ್ ಕೇಳಿದಾಗ ‘ನನ್ನ ಕಡಿ ಇಲ್ಲೋ’ ಅಂದೆ. ಅದು ಹಾಸಿಗೆಯಡಿಯೇ ಇತ್ತು. ಇರುವುದು ಕೆಲವೇ ಹುದ್ದೆ, ಅವನೂ ಪ್ರತಿಸ್ಪರ್ಧಿಯೇ ಅಲ್ಲವೇ?

ಆ ರಾತ್ರಿ ಅದೇ ನೋಟ್ಸ್‌ನಲ್ಲಿ ಫರ್ಡಿನಾಂಡ್ ಕಿಟೆಲ್ ಎದುರಾದರು. ಬಾಸೆಲ್ ಮಿಷನ್‌ನಿಂದ 1853ರಲ್ಲಿ ಬಂದ ಜರ್ಮನ್ ಪಾದ್ರಿ. ಕೇಶಿರಾಜನ ‘ಶಬ್ದಮಣಿದರ್ಪಣ’ ಸಂಪಾದಿಸಿದರು. ಸುಮಾರು 70 ಸಾವಿರ ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಸವಿ ಬಾಯಿಪಾಠ ಮಾಡುತ್ತಿದ್ದವನಿಗೆ ಒಮ್ಮೆಲೇ ನಾಚಿಕೆಯಾಯಿತು. ದೂರದೇಶದ ಆ ಕ್ರೈಸ್ತ ನಮ್ಮದೇ ಮಾತನ್ನು ವರ್ಷಾನುಗಟ್ಟಲೆ ಕೂಡಿಸಿ ಎಲ್ಲರ ಕೈಗಿಟ್ಟರು. ನಾನು ಇಪ್ಪತ್ತು ಹಾಳೆ ಬಚ್ಚಿಟ್ಟಿದ್ದೆ.

ಬೆಳಿಗ್ಗೆ ಗೆಳೆಯನ ಮುಂದೆ ನೋಟ್ಸ್ ಇಟ್ಟು, ‘ಸುಳ್ಳು ಹೇಳಿದ್ನೋ, ತಪ್ಪಾತು’ ಅಂದೆ. ಅವನು ನಕ್ಕ. ‘ಬಾ, ಇಬ್ರೂ ಕೂಡಿ ಓದೂನು.’

ಆಯ್ಕೆಪಟ್ಟಿಯಲ್ಲಿ ಅವನ ಹೆಸರಿತ್ತು, ನನ್ನದಿರಲಿಲ್ಲ. ಹೊಟ್ಟೆ ಉರಿದದ್ದು ನಿಜ. ಕೈಯಿಂದ ಏನೂ ಹೋಗದಿದ್ದಾಗ ನೆರೆಯವನನ್ನು ಪ್ರೀತಿಸುವುದು ಸುಲಭ. ಹೋದಾಗಲೂ ಪ್ರೀತಿಸುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಮುಂದಿನ ಪರೀಕ್ಷೆಗೆ ಅವನೇ ಪುಸ್ತಕ ಕಳಿಸಿದ್ದಾನೆ.