ದೊಡ್ಡವರ ನಗೆಯ ಗೊಂಬೆಗಳು

ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರದ ಬೆಟ್ಟವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಏರಿರಬಹುದು. ಅಶೋಕನ ಶಾಸನವಿರುವ ಆ ಬೆಟ್ಟದಲ್ಲಿಯೇ, ರಾವಣನೊಡನೆ ಹೋರಾಡಿದ ಜಟಾಯುವು ಬಿದ್ದನೆಂದು ಸ್ಥಳದ ಐತಿಹ್ಯವುಂಟು. ಆ ರಾಮಾಯಣದ ಕಥೆಯನ್ನೇ ತೊಗಲುಗೊಂಬೆಯವರು ರಾತ್ರಿಯ ವೇಳೆ ಪರದೆಯ ಮೇಲೆ ಆಡಿ ತೋರಿಸುವರು. ಗೊಂಬೆಯಾಟವೆಂದರೆ ಮಕ್ಕಳ ವಿನೋದವೆಂಬುದು ಸಾಮಾನ್ಯ ಅಭಿಪ್ರಾಯವಷ್ಟೆ. ಅದು ಸರಿಯೇ ಎಂಬುದನ್ನು ಇಲ್ಲಿ ವಿಚಾರಿಸುವೆವು.

ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ಚಿತ್ರ ಬರೆದು, ರಂಧ್ರಗಳನ್ನು ಕೊರೆದು, ಬಣ್ಣ ಹಚ್ಚುವರು. ಬಿಳಿಯ ಪರದೆಯ ಹಿಂದೆ ದೀಪವನ್ನಿಟ್ಟು, ಗೊಂಬೆಯನ್ನು ಪರದೆಗೆ ಒತ್ತಿ ಆಡಿಸಲು, ಬಣ್ಣದ ನೆರಳು ಜೀವ ತಳೆಯುವುದು.

ಕಥೆಯ ನಡುವೆ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ನುಗ್ಗುವರು. ಪುರಾಣಪಾತ್ರಗಳ ನಡುವೆ ಇವರಿಬ್ಬರೇ ನಮ್ಮ ಊರಿನವರು. ಇವರ ಕುಣಿತಕ್ಕೂ ಹೊಡೆದಾಟಕ್ಕೂ ಮಕ್ಕಳು ನಗುವರು. ಇವರ ಮಾತಿಗೆ ಹಿರಿಯರು ನಗುವರು. ಸಾಲದ ಭಾರವನ್ನು ಅರಿಯದವರಿಗೆ ಸಾಲಗಾರನ ಸುಳ್ಳು ಹೇಗೆ ನಗೆ ತಂದೀತು? ಸಂಸಾರವನ್ನು ಕಾಣದವರಿಗೆ ಗಂಡಹೆಂಡಿರ ವಾಗ್ವಾದದ ಸ್ವಾರಸ್ಯವೇನು? ಮೇಲಾಗಿ, ಮನುಷ್ಯನು ಆಡಿದರೆ ಕಲಹಕ್ಕೆ ಕಾರಣವಾಗುವ ಮಾತು ಗೊಂಬೆಯ ಬಾಯಲ್ಲಿ ಕ್ಷಮ್ಯವೆನಿಸುವುದು.

ಚಲಿಸುವ ಚಿತ್ರಗಳ ವಿಷಯದಲ್ಲಿಯೂ ಹೀಗೆಯೇ. 1926ರಲ್ಲಿ ಜರ್ಮನಿಯ ಲೋಟೆ ರೈನಿಗರ್ ಎಂಬ ಮಹಿಳೆಯು ಕತ್ತರಿಸಿದ ನೆರಳುಚಿತ್ರಗಳಿಂದಲೇ ಒಂದು ಪೂರ್ಣ ಚಲನಚಿತ್ರವನ್ನು ರಚಿಸಿದಳು. 1989ರಲ್ಲಿ ಅಮೇರಿಕಾದಲ್ಲಿ ಸ್ವತಂತ್ರ ಧಾರಾವಾಹಿಯಾಗಿ ಮೊದಲಾದ 'ದಿ ಸಿಂಪ್ಸನ್ಸ್' ಎಂಬ ಹಾಸ್ಯಚಿತ್ರವು ಸಂಸಾರ, ಉದ್ಯೋಗ, ರಾಜಕೀಯಗಳನ್ನು ಅಣಕಿಸುವುದರಿಂದ ಹಿರಿಯರಿಗೇ ಹೆಚ್ಚು ರುಚಿಸುವುದು. ಬಣ್ಣದ ಚಿತ್ರವೆಂಬ ಒಂದೇ ಕಾರಣದಿಂದ ಮಕ್ಕಳನ್ನು ಅದರ ಮುಂದೆ ಒಂಟಿಯಾಗಿ ಕೂರಿಸುವ ತಾಯಿತಂದೆಗಳು ಇದನ್ನು ಮರೆಯಲಾಗದು.

ಕಿಳ್ಳೇಕ್ಯಾತನ ಕೆಲವು ಮಾತುಗಳು ಒರಟೆಂಬುದು ನಿಜ. ಆದರೆ ಅಷ್ಟಕ್ಕಾಗಿ ಆ ಕಲೆಯನ್ನೇ ತೊರೆದರೆ ನಷ್ಟವು ನಮ್ಮದೇ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ವೃದ್ಧ ಕಲಾವಿದೆಗೆ 2025ರಲ್ಲಿ ಪದ್ಮಶ್ರೀ ದೊರೆತುದು ಸಂತೋಷದ ಸಂಗತಿ. ಬಿರುದು ಬಂದಿತು, ಪರದೆಯ ಮುಂದೆ ಜನರು ಬೇಡವೇ?

ಆದುದರಿಂದ, ಆಟವು ಊರಿಗೆ ಬಂದಾಗ ಮಕ್ಕಳನ್ನು ಕಳುಹಿಸಿ ಸುಮ್ಮನಾಗದೆ, ನೀವೂ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿರಿ. "ಅಮ್ಮಾ, ಏಕೆ ನಕ್ಕೆ?" ಎಂದು ಮಗಳು ಕೇಳಿದರೆ, ತಿಳಿಯುವಷ್ಟನ್ನು ತಿಳಿಸಿರಿ, ಉಳಿದುದನ್ನು ಅವಳ ವಯಸ್ಸೇ ತಿಳಿಸುವುದು.