ನಾಲ್ಕು ಹಲ್ಲಿನ ವ್ಯತ್ಯಾಸ

ವಯನಾಡು ಜಿಲ್ಲೆಯ ಕೇಣಿಚಿರವು ಬೀನಾಚಿ–ಪನಮರಂ ರಸ್ತೆಯಲ್ಲಿರುವ ಒಂದು ಸಣ್ಣ ಪೇಟೆ. ಪೂತಾಡಿ ಪಂಚಾಯತಿಗೆ ಸೇರಿದ ಈ ಊರಿನ ಸುತ್ತ ಕಾಫಿ, ಕಾಳುಮೆಣಸು, ಅಡಿಕೆ ತೋಟಗಳು. ವಯನಾಡಿನ ಹಲವು ಕೃಷಿಕರು ಗಡಿಯಾಚೆ ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆ ಜಮೀನು ಗೇಣಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಅವರಿಗೆ ವಾಹನವೆಂದರೆ ಶೋಕಿಯಲ್ಲ, ಕೈಕಾಲು ಇದ್ದಂತೆ. ಕೋಝಿಕ್ಕೋಡಿಗೆ ಹೋಗಬೇಕಾದರೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು, ಕೋಟೆಗೆ ಹೋಗಬೇಕಾದರೆ ಬಾವಲಿಯ ಕಾಡುದಾರಿ. ಎರಡರಲ್ಲೂ ಪ್ರಾಣ ಇರುವುದು ಬ್ರೇಕಿನಲ್ಲಿ.

ನಮ್ಮ ಭಾವನವರು ಈ ಊರಿನವರು. ಅವರ ಜೀಪು ಮಾದರಿಯ ಕಾರಿನ ಹಿಂಬದಿಯಿಂದ ಗುಂಯ್ ಎಂಬ ಸದ್ದು ಬರಲಾರಂಭಿಸಿತು. ಕ್ರೌನ್–ಪಿನಿಯನ್ ಹಲ್ಲುಗಳು ಸವೆದಿದ್ದವು. ಪೇಟೆಯೊಂದರ ವರ್ಕ್‌ಶಾಪಿನವರು ಗುಜರಿಯಿಂದ ಹಳೆಯ ಮಾದರಿಯ ಹಿಂದಿನ ಆಕ್ಸಲನ್ನು ಇಡಿಯಾಗಿ ತಂದು ಕೂರಿಸಿಕೊಟ್ಟರು. ಸದ್ದು ನಿಂತಿತು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಎ.ಬಿ.ಎಸ್. ಎಂಬ ಹಳದಿ ದೀಪ ಉರಿಯತೊಡಗಿತು. ಕೇಳಿದ್ದಕ್ಕೆ, "ಬ್ರೇಕ್ ಹಿಡಿಯುತ್ತದಲ್ಲ? ದೀಪ ತೆಗೆದರಾಯಿತು" ಎಂದು ಬಲ್ಬನ್ನೇ ಕಿತ್ತುಬಿಟ್ಟರು.

ಒಂದು ಮಳೆಗಾಲದ ಸಂಜೆ ಬಾವಲಿ ದಾರಿಯಲ್ಲಿ ಜಿಂಕೆಯೊಂದು ಅಡ್ಡ ಹಾರಿತು. ಭಾವ ಬ್ರೇಕ್ ಒತ್ತಿದರು. ಹಿಂದಿನ ಗಾಲಿಗಳೆರಡೂ ಜಾಮ್ ಆಗಿ ಕಾರಿನ ಹಿಂಭಾಗ ಬೀಸಿ ತಿರುಗಿತು. ಕಾರು ರಸ್ತೆಬದಿಯ ಚರಂಡಿಗಿಳಿದು ನಿಂತಿತು. ಒಳಗೆ ಅವರ ಮಗಳೂ ಇದ್ದಳು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೇ ಪುಣ್ಯ.

ಎ.ಬಿ.ಎಸ್. ಮಾಡುವುದೇನು?

ಉರುಳುವ ಗಾಲಿಗೆ ರಸ್ತೆಯ ಮೇಲೆ ಹಿಡಿತವಿದೆ. ಜಾಮ್ ಆಗಿ ಜಾರುವ ಗಾಲಿಗೆ ಆ ಹಿಡಿತವಿಲ್ಲ. ಮುಂದಿನ ಗಾಲಿ ಜಾಮ್ ಆದರೆ ಸ್ಟೇರಿಂಗ್ ತಿರುಗಿಸಿಯೂ ಫಲವಿಲ್ಲ, ಹಿಂದಿನದು ಜಾಮ್ ಆದರೆ ಬಾಲ ಬೀಸುತ್ತದೆ. ಇದನ್ನು ತಡೆಯುವ ವ್ಯವಸ್ಥೆ ಕಾರುಗಳಿಗಿಂತ ಮೊದಲು ಬಂದುದು ವಿಮಾನಗಳಿಗೆ. 1950ರ ದಶಕದಲ್ಲಿ ಡನ್ಲಪ್ ಕಂಪೆನಿಯ 'ಮ್ಯಾಕ್ಸರೆಟ್' ಎಂಬ ಸಾಧನ ವಿಮಾನದ ಗಾಲಿಗಳಲ್ಲಿ ಬಳಕೆಗೆ ಬಂತು. 1978ರಲ್ಲಿ ಬಾಷ್ ಕಂಪೆನಿಯ ಎಲೆಕ್ಟ್ರಾನಿಕ್ ವ್ಯವಸ್ಥೆ ಮರ್ಸಿಡಿಸ್ ಕಾರಿಗೇರಿತು. ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ 2018ರ ಏಪ್ರಿಲ್‌ನಿಂದ, ಅದಾಗಲೇ ತಯಾರಾಗುತ್ತಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಯಿತು.

ಕ್ರಮ ಸರಳ. ಗಾಲಿಯೊಂದಿಗೆ ತಿರುಗುವ ಹಲ್ಲಿನ ಬಳೆಯೊಂದಿರುತ್ತದೆ. ಅದರ ಎದುರು ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಸೆನ್ಸರ್ ಕುಳಿತಿರುತ್ತದೆ. ಹಲ್ಲೊಂದು ಹಾದುಹೋದಾಗಲೆಲ್ಲ ವಿದ್ಯುತ್ತಿನ ಒಂದು ಮಿಡಿತ. ಆ ಮಿಡಿತಗಳನ್ನು ಎಣಿಸಿ ಕಂಪ್ಯೂಟರ್ ಪೆಟ್ಟಿಗೆ ಗಾಲಿಯ ವೇಗ ತಿಳಿಯುತ್ತದೆ. ಉಳಿದವುಗಳಿಗಿಂತ ಒಂದು ಗಾಲಿ ಏಕಾಏಕಿ ನಿಧಾನವಾದರೆ ಅದರ ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಪುನಃ ಹಿಡಿಯುತ್ತದೆ. ಗುಜರಿಯ ಆಕ್ಸಲಿನಲ್ಲಿ ಬಳೆಯೂ ಇರಲಿಲ್ಲ, ಸೆನ್ಸರ್ ಕೂರಿಸುವ ಜಾಗವೂ ಇರಲಿಲ್ಲ. ಹಳದಿ ದೀಪ ಹೇಳುತ್ತಿದ್ದುದು ಅದನ್ನೇ. ಬಾಯಿ ಮುಚ್ಚಿಸಿದರೆ ಹೇಳಿದ ಮಾತು ಸುಳ್ಳಾಗುವುದಿಲ್ಲವಷ್ಟೆ.

ಕೇಣಿಚಿರದ ಮೇಸ್ತ್ರಿ

ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ಕಾರು ಕೇಣಿಚಿರದ ಮೇಸ್ತ್ರಿಯೊಬ್ಬರ ಶೆಡ್ಡಿನಲ್ಲಿತ್ತು. ಅವರು ಈ ಸಲ ಎ.ಬಿ.ಎಸ್. ಬಳೆ ಇದ್ದ ಬೇರೊಂದು ಆಕ್ಸಲನ್ನು ತರಿಸಿದ್ದರು. "ಮಾಷೆ, ಲೆಕ್ಕ ನಿಮ್ಮದಲ್ಲವೆ? ಈ ಹಲ್ಲು ಎಣಿಸಿ" ಎಂದರು. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆವು: 44. ಕಾರಿನ ಮುಂದಿನ ಗಾಲಿಯ ಬಳೆ ಎಣಿಸಿದೆವು: 48. "ನಾಲ್ಕು ಹಲ್ಲು ತಾನೆ, ಪರವಾಗಿಲ್ಲವೆ?" ಎಂದು ಭಾವ ಕೇಳಿದರು.

ಪರವಾಗಿಲ್ಲವೆನ್ನಲು ಲೆಕ್ಕ ಒಪ್ಪಲಿಲ್ಲ. ಪೆಟ್ಟಿಗೆಗೆ ಗೊತ್ತಿರುವುದು ಸುತ್ತಿಗೆ 48 ಮಿಡಿತವೆಂದು. ಕಾರು ಗಂಟೆಗೆ 60 ಕಿ.ಮೀ. ಹೋಗುವಾಗ ಹಿಂದಿನ ಗಾಲಿ 55ರಲ್ಲಿ ಹೋಗುತ್ತಿದೆ ಎಂದೇ ಅದು ತಿಳಿಯುತ್ತದೆ. ದೋಷವನ್ನು ಗುರುತಿಸಿದರೆ ದೀಪ ಹಚ್ಚಿ ಎ.ಬಿ.ಎಸ್. ಅನ್ನು ನಿಲ್ಲಿಸಿಬಿಡುತ್ತದೆ. ಗುರುತಿಸದಿದ್ದರೆ ಇನ್ನೂ ಅಪಾಯ: ಜಾಮ್ ಆಗದ ಗಾಲಿ ಜಾಮ್ ಆಗುತ್ತಿದೆ ಎಂದು ಬಗೆದು, ಬೇಕಾದ ಹೊತ್ತಿನಲ್ಲೇ ಹಿಂದಿನ ಬ್ರೇಕನ್ನು ಸಡಿಲಿಸೀತು. ಅಳತೆ ಬೇರೆಯಾದ ಟಯರನ್ನು ಹಿಂದೆ ಮಾತ್ರ ಹಾಕಿದರೂ ಇದೇ ಕಥೆ.

ಮೇಸ್ತ್ರಿ ಸ್ವಲ್ಪ ಯೋಚಿಸಿ, "ಹಳೆಯ ಆಕ್ಸಲ್ ಎಲ್ಲಿದೆ?" ಎಂದು ಕೇಳಿದರು. ಅದು ಮೊದಲಿನ ವರ್ಕ್‌ಶಾಪಿನ ಹಿತ್ತಲಿನಲ್ಲಿ ಮಳೆಯಲ್ಲಿ ನೆನೆಯುತ್ತ ಬಿದ್ದಿತ್ತು. ತಂದು ಬಿಚ್ಚಿದಾಗ ಕೆಟ್ಟದ್ದು ನಡುವಿನ ಕ್ರೌನ್–ಪಿನಿಯನ್ ಮಾತ್ರ. ಹೌಸಿಂಗ್, ಹಬ್ಬು, ಡ್ರಮ್ಮು, 48 ಹಲ್ಲಿನ ಬಳೆ ಎಲ್ಲವೂ ಗಟ್ಟಿ. ಹೊಸದಾಗಿ ತಂದ ಆಕ್ಸಲಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳನ್ನು ಎಣಿಸಿ, ಅನುಪಾತ ಒಂದೇ ಎಂದು ಖಚಿತಪಡಿಸಿಕೊಂಡು, ಶಾಫ್ಟಿನ ಗೀರುಗಳೂ ಹೊಂದುತ್ತವೆಯೇ ನೋಡಿ, ನಡುವಿನ ಭಾಗವನ್ನು ಇಡಿಯಾಗಿ ಕಾರಿನ ಸ್ವಂತ ಹೌಸಿಂಗಿಗೆ ಹಾಕಿದರು. ಎರಡು ತುದಿಗಳು ಕಾರಿನವೇ ಆಗಿ ಉಳಿದವು. ಸೆನ್ಸರನ್ನು ಒರೆಸಿ, ಅಂತರವನ್ನು ಫೀಲರ್ ಗೇಜಿನಿಂದ ಅಳೆದು, ಬ್ರೇಕ್ ಪೈಪಿನ ಗಾಳಿ ತೆಗೆದರು. ಬಲ್ಬೂ ತನ್ನ ಸ್ಥಾನಕ್ಕೆ ಬಂತು.

ಓದುಗರು ಗಮನಿಸಬೇಕಾದ ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕು. ಸೆನ್ಸರ್ ಗಾಲಿಯ ಹಬ್ಬಿನಲ್ಲಿದ್ದರೆ ಆಕ್ಸಲಿನ ಅನುಪಾತ ಬದಲಾದರೂ ಎ.ಬಿ.ಎಸ್. ಲೆಕ್ಕ ತಪ್ಪದು, ಪಿನಿಯನ್ ಅಥವಾ ಗೇರ್‌ಬಾಕ್ಸಿನ ಕಡೆಯಿದ್ದರೆ ತಪ್ಪುತ್ತದೆ. ನಾಲ್ಕು ಗಾಲಿಗೂ ಎಂಜಿನ್ ಶಕ್ತಿ ಹೋಗುವ ವಾಹನದಲ್ಲಾದರೋ ಹಿಂದು–ಮುಂದಿನ ಅನುಪಾತ ಒಂದೇ ಇರಲೇಬೇಕು. ಹಲವು ಹೊಸ ಕಾರುಗಳಲ್ಲಿ ಹಲ್ಲಿನ ಬಳೆಯೇ ಇಲ್ಲ. ಬೇರಿಂಗಿನ ಒಂದು ಮಗ್ಗುಲಲ್ಲಿ ಕಣ್ಣಿಗೆ ಕಾಣದ ಕಾಂತದ ಪಟ್ಟಿ ಇರುತ್ತದೆ. ಅಂತಹ ಬೇರಿಂಗನ್ನು ತಿರುವುಮುರುವಾಗಿ ಹಾಕಿದರೆ ಸೆನ್ಸರ್ ಕುರುಡು. ಕಾನೂನನ್ನೂ ಮರೆಯುವಂತಿಲ್ಲ. ತಯಾರಕರು ಗೊತ್ತುಪಡಿಸಿದ ರಚನೆಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು ಕೇರಳದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಮರುದಿನ ಬೆಳಿಗ್ಗೆ ಮಳೆ ನಿಂತ ಮೇಲೆ ಜನವಿಲ್ಲದ ಒಂದು ಒದ್ದೆ ಬಯಲಿನಲ್ಲಿ ಪರೀಕ್ಷೆ ನಡೆಯಿತು. ಭಾವ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲು ಕಾಲಡಿಯಲ್ಲಿ ದಡದಡ ನಡುಗಿತು. ಅವರು ಗಾಬರಿಯಿಂದ ಕಾಲು ತೆಗೆಯಹೊರಟರು. "ಬಿಡಬೇಡಿ, ಒತ್ತಿ ಹಿಡಿಯಿರಿ, ಅದು ಕೆಲಸ ಮಾಡುತ್ತಿದೆ" ಎಂದು ಮೇಸ್ತ್ರಿ ಕೂಗಿದರು. ಕಾರು ಬಾಲ ಬೀಸದೆ ನೇರವಾಗಿ ನಿಂತಿತು. ಹಳದಿ ದೀಪ ಉರಿಯಲಿಲ್ಲ.

ಎ.ಬಿ.ಎಸ್. ಇದೆಯೆಂದು ಘಾಟಿಯಲ್ಲಿ ವೇಗ ಹೆಚ್ಚಿಸುವುದು ಸಲ್ಲದು. ಸಡಿಲ ಜಲ್ಲಿಯ ಮೇಲೆ ಅದು ನಿಲ್ಲುವ ದೂರವನ್ನು ಹೆಚ್ಚಿಸುವುದೂ ಉಂಟು. ಅದು ಉಳಿಸಿಕೊಡುವುದು ಸ್ಟೇರಿಂಗಿನ ಮೇಲಿನ ಹತೋಟಿಯನ್ನು. ಭಾವನ ಮಗಳು ಈಗ ಅದೇ ಕಾರಿನಲ್ಲಿ ತಂದೆಯೊಂದಿಗೆ ಘಾಟಿ ಇಳಿದು ಕಾಲೇಜಿಗೆ ಹೋಗುತ್ತಾಳೆ. ಎರಡು ದಿನದ ಕೂಲಿ ಹೆಚ್ಚು ಕೊಟ್ಟುದಕ್ಕೆ ಭಾವನವರಿಗೆ ಬೇಸರವಿಲ್ಲ. ದುರಸ್ತಿಗೆಂದು ವಾಹನ ಬಿಟ್ಟುಬರುವ ಎಲ್ಲರೂ ಮರಳಿ ಪಡೆಯುವಾಗ ಸದ್ದು ನಿಂತಿತೇ ಎಂದು ಮಾತ್ರ ಕೇಳದೆ, ಕೀಲಿ ತಿರುಗಿಸಿದೊಡನೆ ಹಳದಿ ದೀಪ ಒಮ್ಮೆ ಹೊತ್ತಿ ಆರಿತೇ ಎಂದೂ ನೋಡಿಕೊಳ್ಳಲಿ. ಹೊತ್ತಿ ಆರಿದರೆ ಸರಿ. ಹೊತ್ತಿಕೊಂಡೇ ಇದ್ದರೆ ದೋಷವಿದೆ. ಹೊತ್ತಲೇ ಇಲ್ಲವಾದರೆ, ಯಾರೋ ಬಲ್ಬು ಕಿತ್ತಿರಬಹುದು.