ಸಾಲುಮನೆಯ ಶಾಖದ ಲೆಕ್ಕ

ಜರ್ಮನಿಯ ಫ್ರಾಂಕ್‌ಫರ್ಟಿನ ದಕ್ಷಿಣಕ್ಕೆ ಡಾರ್ಮ್‌ಷ್ಟಾಟ್ ನಗರವಿದೆ. ಅದರ ಕ್ರಾನಿಷ್‌ಷ್ಟೈನ್ ಬಡಾವಣೆಯಲ್ಲಿ 1991ರಲ್ಲಿ ನಾಲ್ಕು ಕುಟುಂಬಗಳು ಒಂದೇ ಸಾಲಿನ ನಾಲ್ಕು ಮನೆಗಳಿಗೆ ಒಕ್ಕಲು ಬಂದವು. ಪ್ರತಿ ಮನೆಯ ವಿಸ್ತೀರ್ಣ 156 ಚದರ ಮೀಟರ್. ಹೊರಗಿನಿಂದ ನೋಡಿದರೆ ಸಾಮಾನ್ಯ ಮನೆಗಳೇ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಬೂ ಅದಾಮ್ಸನ್ ಮತ್ತು ಡಾರ್ಮ್‌ಷ್ಟಾಟಿನ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ 1988ರಲ್ಲಿ ಕೂತು ಚರ್ಚಿಸಿದ ಒಂದು ವಿಚಾರ ಇಲ್ಲಿ ಗೋಡೆ ಛಾವಣಿಗಳ ರೂಪ ಪಡೆದಿತ್ತು. ಮನೆಯೊಳಗಿನ ಶಾಖ ಹೊರಗೆ ಹೋಗದಂತೆ ತಡೆದರೆ, ಕಾಯಿಸುವ ಕೆಲಸವೇ ಬಹುಪಾಲು ಉಳಿಯುವುದಿಲ್ಲ ಎಂಬುದು ಆ ವಿಚಾರ. ಫೈಸ್ಟ್ ಅವರ ಕುಟುಂಬವೂ ಅದೇ ಸಾಲಿನಲ್ಲಿ ವಾಸಕ್ಕೆ ಬಂತು.

ಪಾಸಿವ್‌ಹೌಸ್ ಎಂದು ಇಂದು ಜಗತ್ತಿಗೆ ಪರಿಚಯವಾಗಿರುವ ಮನೆಗಳಲ್ಲಿ ಇವು ಮೊದಲನೆಯವು. ಒಂಟಿ ಬಂಗಲೆಯನ್ನು ಬಿಟ್ಟು ಸಾಲುಮನೆಯಲ್ಲಿ ಈ ಪ್ರಯೋಗ ನಡೆದದ್ದರಲ್ಲಿ ಅರ್ಥವಿದೆ. 6 ಮೀಟರ್ ಅಗಲ, 10 ಮೀಟರ್ ಉದ್ದ, 6 ಮೀಟರ್ ಎತ್ತರದ ಎರಡಂತಸ್ತಿನ ಮನೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು ಒಂಟಿಯಾಗಿ ನಿಂತಿದ್ದರೆ 192 ಚದರ ಮೀಟರ್ ಗೋಡೆ ಚಳಿಗೆ ಮೈಯೊಡ್ಡಿರುತ್ತದೆ. ಸಾಲಿನ ತುದಿಯಲ್ಲಿದ್ದರೆ 132. ಎರಡೂ ಪಕ್ಕದಲ್ಲಿ ನೆರೆಯವರಿದ್ದರೆ ಬರೀ 72. ಪಕ್ಕದ ಮನೆಯೂ ನಿಮ್ಮ ಮನೆಯಷ್ಟೇ ಬೆಚ್ಚಗಿದ್ದರೆ ನಡುವಿನ ಗೋಡೆಯ ಮೂಲಕ ಶಾಖ ಹರಿಯುವುದಿಲ್ಲ. ಒಂದು ಹಿಡಿ ನಿರೋಧಕವನ್ನೂ ಹಚ್ಚದೆ ಸಿಗುವ ಉಳಿತಾಯ ಇದು. ನೆರೆಯವರು ಮನೆ ಖಾಲಿ ಬಿಟ್ಟು ಹೋದ ಚಳಿಗಾಲದಲ್ಲಿ ಮಾತ್ರ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ.

ಉಳಿದ 72 ಚದರ ಮೀಟರನ್ನು ನೋಡೋಣ. ನಿರೋಧಕವಿಲ್ಲದ ಹಳೆಯ ಇಟ್ಟಿಗೆ ಗೋಡೆಯ ಒಂದು ಚದರ ಮೀಟರು, ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.4 ವ್ಯಾಟ್ ಶಾಖ ಕಳೆಯುತ್ತದೆ. ಹೊರಗೆ 0, ಒಳಗೆ 20 ಡಿಗ್ರಿ ಇದ್ದ ರಾತ್ರಿ ಅಷ್ಟು ಗೋಡೆಯಿಂದ 2,000 ವ್ಯಾಟ್ ಸೋರಿಹೋಗುತ್ತದೆ. ಕ್ರಾನಿಷ್‌ಷ್ಟೈನಿನ ಗೋಡೆಗೆ ಹೊರಗಿನಿಂದ 27.5 ಸೆಂಟಿಮೀಟರ್ ದಪ್ಪದ ಪಾಲಿಸ್ಟೈರೀನ್ ಹೊದಿಸಿದ್ದಾರೆ. ಸೋರಿಕೆ ಅಲ್ಲಿ ಹತ್ತನೇ ಒಂದಕ್ಕೆ ಇಳಿಯುತ್ತದೆ: 200 ವ್ಯಾಟ್, ಅಂದರೆ ಹಳೆಯ ಕಾಲದ ಎರಡು ಬಲ್ಬು. ಛಾವಣಿಯ ನಿರೋಧಕ ಇನ್ನೂ ದಪ್ಪ. ಕಿಟಕಿಗೆ ಮೂರು ಪದರದ ಗಾಜು, ಪದರಗಳ ನಡುವೆ ಕ್ರಿಪ್ಟಾನ್ ಅನಿಲ.

ಇಷ್ಟೆಲ್ಲ ಬಿಗಿ ಮಾಡಿದರೆ ಉಸಿರುಕಟ್ಟುವುದಿಲ್ಲವೇ ಎಂದು ಕಿಟಕಿ ಸದಾ ತೆರೆದಿಟ್ಟು ಬೆಳೆದ ನಮಗೆ ಅನ್ನಿಸುವುದು ಸಹಜ. ಅದಕ್ಕೊಂದು ಯಂತ್ರವಿದೆ. ಅಡುಗೆಮನೆ, ಬಚ್ಚಲುಗಳಿಂದ ಹೊರಡುವ ಬೆಚ್ಚನೆಯ ಗಾಳಿಯೂ ಹೊರಗಿನಿಂದ ಬರುವ ತಣ್ಣನೆಯ ಗಾಳಿಯೂ ತೆಳು ಹಾಳೆಗಳ ಎರಡು ಬದಿಯಲ್ಲಿ ಎದುರುಬದುರಾಗಿ ಸಾಗುತ್ತವೆ. ಗಾಳಿ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಹೀಗೆ ಹೋಗುವ ಗಾಳಿಯ ಶಾಖದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮನೆಗೇ ಮರಳಿ, ಮಲಗುವ ಕೋಣೆಗಳಿಗೆ ಹದವಾದ ಹೊಸ ಗಾಳಿ ಬರುತ್ತದೆ. ಬೇಕೆನಿಸಿದಾಗ ಕಿಟಕಿ ತೆರೆಯಲು ಯಾವ ಅಡ್ಡಿಯೂ ಇಲ್ಲ.

ಫಲ ಏನು? ನಮ್ಮ ವಿದ್ಯುತ್ ಬಿಲ್ಲಿನ ಯೂನಿಟ್ಟಿನಲ್ಲೇ ಹೇಳುವುದಾದರೆ, ಈ ಮನೆಗಳನ್ನು ಕಾಯಿಸಲು ವರ್ಷಕ್ಕೆ ಚದರ ಮೀಟರಿಗೆ ಸುಮಾರು 10 ಯೂನಿಟ್ ಸಾಕಾಗಿದೆ. ನಿರೋಧಕವಿಲ್ಲದ ಹಳೆಯ ಮನೆಗಳು 200 ದಾಟುವುದು ಸಾಮಾನ್ಯ. 25 ವರ್ಷಗಳ ನಂತರ ಪರೀಕ್ಷಿಸಿದಾಗಲೂ ಗೋಡೆಯ ಹೊದಿಕೆಯಾಗಲಿ ಗಾಳಿಬಿಗಿತವಾಗಲಿ ಕೆಟ್ಟಿರಲಿಲ್ಲ. ಮನೆ ಕೊಳ್ಳುವವರಿಗೆ ನನ್ನ ಮಟ್ಟಿಗೆ ಇದೇ ಮುಖ್ಯ ಸಂಗತಿ. ಬಾಯ್ಲರನ್ನು ಬದಲಿಸಬಹುದು, ಗೋಡೆಯನ್ನು ಬದಲಿಸುವುದು ಕಷ್ಟ.

ಮಾರಾಟದ ಜಾಹೀರಾತಿನಲ್ಲಿ ಇದು ಹೇಗೆ ಕಾಣುತ್ತದೆ? ಜರ್ಮನಿಯಲ್ಲಿ 2014ರಿಂದ ಮನೆಯ ಶಕ್ತಿಬಳಕೆಯ ಪ್ರಮಾಣಪತ್ರದಲ್ಲಿರುವ ಅಂಕಿಯನ್ನು ಜಾಹೀರಾತಿನಲ್ಲಿ ನಮೂದಿಸಲೇಬೇಕು. ಮನೆ ನೋಡಲು ಬಂದವರಿಗೆ ಆ ಪತ್ರವನ್ನೂ ತೋರಿಸಬೇಕು. ಅದೇ ವರ್ಷ ಜಾರಿಗೆ ಬಂದ ದರ್ಜೆಗಳಲ್ಲಿ ಎ ಪ್ಲಸ್ ಅತ್ಯುತ್ತಮ, ಎಚ್ ಅತಿ ಕೆಳಗಿನದು. ಫ್ರಾಂಕ್‌ಫರ್ಟಿನ ಸುತ್ತಮುತ್ತ ಉದ್ಯೋಗಕ್ಕೆ ಬಂದು ನೆಲೆಸಿದ ಕನ್ನಡಿಗರಿಗೂ ಮನೆ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಈ ಅಕ್ಷರವೇ. ಅದೊಂದನ್ನೇ ನಂಬಿ ಮುಂಗಡ ಕೊಡಬೇಡಿ.

ಪ್ರಮಾಣಪತ್ರದಲ್ಲಿ ಎರಡು ಬಗೆ. ಒಂದು, ಗೋಡೆ, ಕಿಟಕಿ, ಹೀಟರುಗಳನ್ನು ಪರಿಶೀಲಿಸಿ ಲೆಕ್ಕ ಹಾಕಿದ್ದು. ಇನ್ನೊಂದು, ಮೂರು ವರ್ಷದ ಬಳಕೆಯಿಂದ ತೆಗೆದದ್ದು. ಮಕ್ಕಳೆಲ್ಲ ದೂರ ಹೋಗಿ, ವಯಸ್ಸಾದ ದಂಪತಿ ಎರಡೇ ಕೋಣೆ ಕಾಯಿಸಿಕೊಂಡಿದ್ದ ಮನೆಗೆ ಎರಡನೆಯ ಬಗೆಯ ಪತ್ರದಲ್ಲಿ ಒಳ್ಳೆಯ ದರ್ಜೆ ಬಂದೀತು. ಪುಟ್ಟ ಮಕ್ಕಳಿರುವ ಸಂಸಾರ ಅಲ್ಲಿಗೆ ಹೋದರೆ ಬಿಲ್ಲು ಬೇರೆಯೇ ಆಗುತ್ತದೆ.

ಭಾಗಿಸುವ ವಿಸ್ತೀರ್ಣವನ್ನೂ ಗಮನಿಸಿ. ನೆಲಮಾಳಿಗೆಯನ್ನು ಕಾಯಿಸದ ಒಂದೆರಡು ಕುಟುಂಬದ ಮನೆಯಾದರೆ, ಬಳಕೆಯ ಪತ್ರದಲ್ಲಿ ವಾಸದ ವಿಸ್ತೀರ್ಣವನ್ನು 1.2ರಿಂದ ಗುಣಿಸಿ ಲೆಕ್ಕಕ್ಕೆ ಹಿಡಿಯಬಹುದು. ವರ್ಷಕ್ಕೆ 6,480 ಯೂನಿಟ್ ಬಳಸುವ 120 ಚದರ ಮೀಟರಿನ ಮನೆ ಪತ್ರದಲ್ಲಿ 144 ಚದರ ಮೀಟರ್ ಆಗುತ್ತದೆ. ಅಂಕಿ 45ಕ್ಕೆ ಬಂದು ಎ ದರ್ಜೆ ಸಿಗುತ್ತದೆ. ನೀವು ಓಡಾಡುವ ನೆಲದಿಂದಲೇ ಭಾಗಿಸಿದರೆ 54, ಅಂದರೆ ಬಿ ದರ್ಜೆಯ ಅಂಕಿ. ಯಾರೂ ಮೋಸ ಮಾಡಿಲ್ಲ, ನಿಯಮವೇ ಹಾಗಿದೆ. ಎರಡು ಮನೆಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಬಗೆಯ ವಿಸ್ತೀರ್ಣ ಹಿಡಿದು ನೀವೇ ಭಾಗಿಸಿ ನೋಡುವುದು ಒಳ್ಳೆಯದು.

ಮನೆ ನೋಡಲು ಹೋದಾಗ ಕಳೆದ ಮೂರು ಚಳಿಗಾಲದ ಬಿಲ್ಲು ಕೇಳಿ, ಎಷ್ಟು ಜನ ವಾಸವಿದ್ದರೆಂದೂ ವಿಚಾರಿಸಿ. ಗಾಳಿಯ ಯಂತ್ರವಿದ್ದರೆ ಅದರ ಫಿಲ್ಟರ್ ತೆಗೆಸಿ ನೋಡಿ. ಕಪ್ಪಾಗಿ ಕಟ್ಟಿಕೊಂಡಿದ್ದರೆ ಆರೈಕೆ ನಡೆದಿಲ್ಲ. ತುದಿಮನೆಗೆ ಪಕ್ಕದ ಹಿತ್ತಲಿನ ಆಸೆಯಿಂದ ಹೆಚ್ಚು ಬೆಲೆ ಕೇಳುತ್ತಾರೆ. ಅದರ ಹೆಚ್ಚಿನ 60 ಚದರ ಮೀಟರ್ ಗೋಡೆಗೆ ಸರಿಯಾದ ಹೊದಿಕೆ ಇದೆಯೇ ಎಂದು ತಿಳಿದ ಮೇಲೆಯೇ ಬೆಲೆಯ ಮಾತು ಆಡಿ.